ನನ್ನ ಹೆಸರು ಹಚ್ಚಿದ ಮೂರು ಬಾಟಲಿಗಳು

ಮೂರು ತಿಂಗಳ ಕಾಲ ನಾನು ನನ್ನ ನಾದಿನಿಯ ಮೂತ್ರವನ್ನು ಬಾಟಲಿಯಲ್ಲಿ ತುಂಬಿ, ಅದರ ಮೇಲೆ ನನ್ನ ಹೆಸರಿನ ಚೀಟಿ ಅಂಟಿಸಿ, ಹುಬ್ಬಳ್ಳಿಯ ದವಾಖಾನೆಗೆ ಒಪ್ಪಿಸಿ ಬಂದೆ. ಒಪ್ಪಿಸಿದ್ದು ನನ್ನ ಜೀವ ಉಳಿಸಿದ ಡಾಕ್ಟರಬಾಯಿಯ ಕೈಗೆ. ಇದನ್ನು ಬಿಟ್ಟು ನನ್ನ ಕಾಯಿಲೆಯ ಕಥೆ ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನೆಂಟರಿಷ್ಟರ ಮುಂದೆ ಎಷ್ಟೋ ಸಲ ಹಾಗೆ ಅರ್ಧ ಕಥೆ ಹೇಳಿ, ಗಟ್ಟಿಗಿತ್ತಿ ಅನ್ನಿಸಿಕೊಂಡಿದ್ದೇನೆ. ಈಗ ವಯಸ್ಸಾಯಿತು. ಪೂರ್ತಿ ಹೇಳಿಬಿಡುತ್ತೇನೆ.

ನನ್ನ ತವರು ಹಿರೇಕೆರೂರು ತಾಲೂಕಿನ ಚಿಕ್ಕೇರೂರು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಅದೊಂದು ಸೊಕ್ಕು ಇತ್ತು. ಹಾನಗಲ್ಲಿಗೆ ಕೊಟ್ಟರು. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವ ಮಿಸ್ತ್ರಿ. ಮನೆಯಲ್ಲಿ ಅತ್ತೆ ಇದ್ದರು, ಮತ್ತೆ ನಮ್ಮ ಮನೆಯವರ ಅಕ್ಕ ನೀಲಕ್ಕ ಇದ್ದಳು. ಗಂಡ ತೀರಿಕೊಂಡ ಮೇಲೆ ಅವಳು ಸವಣೂರಿನಿಂದ ತವರಿಗೆ ಮರಳಿದ್ದಳು, ಮಕ್ಕಳಿರಲಿಲ್ಲ. ಮದುವೆಯಾಗಿ ನಾಲ್ಕು ವರ್ಷಕ್ಕೆ ನಾನು ಬಸಿರಾದೆ. ಅರವತ್ತರ ದಶಕ ಆಗ ಅರ್ಧ ಕಳೆದಿತ್ತು.

ಮೂರು ತಿಂಗಳಿಗೇ ನನ್ನ ಹೊಟ್ಟೆ ಆರು ತಿಂಗಳ ಹೊಟ್ಟೆಯಂತೆ ಕಾಣುತ್ತಿತ್ತು. ವಾಂತಿ ನಿಲ್ಲದು, ಕುಡಿದ ನೀರೂ ಹೊಟ್ಟೆಯಲ್ಲಿ ಉಳಿಯದು. ಅತ್ತೆಗೆ ಮಾತ್ರ ಹಿಗ್ಗೋ ಹಿಗ್ಗು. ಬಾವಿಯ ಹತ್ತಿರ ಸಿಕ್ಕವರಿಗೆಲ್ಲ "ಜೋಡಿ ಅದಾವ, ಜೋಡಿ" ಎಂದು ಎರಡು ಬೆರಳು ತೋರಿಸುತ್ತಿದ್ದರು. ನಮ್ಮ ಕಡೆ ಬಸುರಿಗೆ ಕುಬಸ ಮಾಡುವುದು ಐದರಲ್ಲಿ, ಇಲ್ಲವೇ ಏಳರಲ್ಲಿ. ಅತ್ತೆಗೆ ಅಷ್ಟು ದಿನ ತಡೆಯಲಾಗಲಿಲ್ಲ. ನಾಲ್ಕು ತುಂಬುವ ಮೊದಲೇ ನನಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಓಣಿಯ ಮುತ್ತೈದೆಯರನ್ನು ಕರೆದು ಉಡಿ ತುಂಬಿಸಿದರು. ಹೋಳಿಗೆ ಊಟ ಆಯಿತು. ನಾನೂ ಜಂಬದಿಂದಲೇ ಕೂತಿದ್ದೆ, ಸುಳ್ಳೇಕೆ ಹೇಳಲಿ.

ಒಂಬತ್ತು ದಿನಕ್ಕೆ ರಕ್ತ ಹೋಗಲು ಶುರುವಾಯಿತು. ಸೂಲಗಿತ್ತಿ ಫಕೀರವ್ವ ಬಂದು ಒಳಕೋಣೆಯ ಬಾಗಿಲು ಹಾಕಿಕೊಂಡಳು. ನನ್ನೊಳಗಿಂದ ಬಂದದ್ದನ್ನು ಬೋಗುಣಿಯಲ್ಲಿ ಹಿಡಿದು, ಬಹಳ ಹೊತ್ತು ನೋಡಿ, ಅದರ ಮೇಲೆ ಅರಿವೆ ಮುಚ್ಚಿದಳು. ನಾನು ಇಣುಕಿ ನೋಡಿಯೇ ಬಿಟ್ಟಿದ್ದೆ. ನೆನೆಸಿದ ಸಾಬೂದಾಣಿಯಂಥ ಗುಳ್ಳೆಗಳು, ಗೊಂಚಲು ಗೊಂಚಲು.

"ಇದರಾಗ ಕೂಸ ಇಲ್ಲಬೇ," ಎಂದಳು ಫಕೀರವ್ವ. "ಕೂಸಿನ ಕುರುಹು ಸೈತ ಇಲ್ಲ. ನಾ ಇಷ್ಟ ವರ್ಷದಾಗ ಒಮ್ಮೆ ಕಂಡಿದ್ದೆ ಇಂಥಾದ್ದು."

ಅತ್ತೆ ಗೋಡೆಗೆ ಒರಗಿ ಕುಸಿದರು. "ಇಡೀ ಓಣಿಗೆ ಹೋಳಿಗಿ ಹಾಕೇನಿ. ಈಗ ಏನಂತ ಹೇಳ್ಲಿ ಮಂದಿಗೆ?"

ಆ ಮಾತಿಗೆ ನಾನು ಅವರನ್ನು ಬಹಳ ವರ್ಷ ಕ್ಷಮಿಸಲಿಲ್ಲ. ಆದರೆ ನನ್ನ ತಲೆಯಲ್ಲಿಯೂ ಆಗ ಅದೇ ಮಾತು ಓಡುತ್ತಿತ್ತು. ಸತ್ತ ಕೂಸಿಗಾದರೆ ಅಳಬಹುದು. ಇಲ್ಲದೇ ಇದ್ದ ಕೂಸಿಗೆ ಹಸಿರು ಬಳೆ ತೊಟ್ಟವಳು ಯಾವ ಮುಖ ಇಟ್ಟುಕೊಂಡು ಅಳಬೇಕು?

ರಕ್ತ ನಿಲ್ಲಲಿಲ್ಲ. ಎರಡು ತಿಂಗಳ ಮೇಲೆ ಕೆಮ್ಮು ಬಂತು, ಕೆಮ್ಮಿದರೆ ಸೆರಗಿನಲ್ಲಿ ಕೆಂಪು. ಊರಿನಲ್ಲಿ ಕ್ಷಯ ಎಂದರು. ನನ್ನ ಗಂಗಾಳ, ಚರಿಗೆ ಬೇರೆಯಾದವು. ನಮ್ಮ ಮನೆಯವರಂತೂ ಕುಬಸದ ಗದ್ದಲ ಮುಗಿದಾಗಿನಿಂದ ಗಿರಣಿಯಲ್ಲಿಯೇ ಮಲಗುತ್ತಿದ್ದರು. ಕೊನೆಗೆ ಅವರೂ ಅತ್ತೆಯೂ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಹೆಣ್ಣುಮಕ್ಕಳ ಕಾಯಿಲೆ ನೋಡುವ ಡಾಕ್ಟರಬಾಯಿ ಒಬ್ಬರಿದ್ದರು. ಅವರು ಎದೆಯ ಫೋಟೋ ತೆಗೆಸಿದರು, ಮೂತ್ರ ಪರೀಕ್ಷೆಗೆ ಬರೆದುಕೊಟ್ಟರು. ಆಗೆಲ್ಲ ಬಸಿರಿದೆಯೋ ಇಲ್ಲವೋ ತಿಳಿಯಲು ಮೂತ್ರವನ್ನು ಸೂಜಿಯಿಂದ ಕಪ್ಪೆಯ ಮೈಗೆ ಚುಚ್ಚಿ ನೋಡುತ್ತಿದ್ದರು.

ಮರುದಿನ ವರಾಂಡದ ಬಾಕಿನ ಮೇಲೆ ಹತ್ತಿಪ್ಪತ್ತು ಜನರ ನಡುವೆ ಕೂತಿದ್ದೆವು. ಕಂಪೌಂಡರ ಚೀಟಿ ಹಿಡಿದುಕೊಂಡು ಬಂದು, "ಬಸಿರ ಐತಿ ಅಂತ ಬಂದೈತ್ರಿ," ಎಂದು ಕೂಗಿ ಹೇಳಿದ.

ಅತ್ತೆ ಎದ್ದು ನಿಂತರು. "ಎರಡ ತಿಂಗಳಾತು, ನನ್ನ ಮಗ ಗಿರಣ್ಯಾಗ ಮಕ್ಕೋತಾನ. ಯಾರ ಬಸಿರಿದು?"

ಬಾಕಿನ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ.

ಗದ್ದಲ ಕೇಳಿ ಡಾಕ್ಟರಬಾಯಿಯೇ ಹೊರಗೆ ಬಂದರು. "ಅವ್ವಾ, ಕೂಡ್ರಿ," ಎಂದು ಅತ್ತೆಯ ಹೆಗಲ ಮೇಲೆ ಕೈ ಇಟ್ಟರು. "ಕಪ್ಪಿಗೆ ಕೂಸ ಯಾವ್ದು, ಬ್ಯಾನಿ ಯಾವ್ದು ತಿಳಿಯಂಗಿಲ್ರಿ. ಎರಡೂ ಒಂದ ನಮೂನಿ ಕಾಣಸ್ತಾವ. ಅವತ್ತ ಕೂಸಿನ ಬದಲಿ ಬೆಳದಿತ್ತಲ್ಲ, ಅದರ ಬೇರು ಒಳಗ ಉಳದು ಎದಿಗೆ ಏರೈತಿ. ನಿಮ್ಮ ಸೊಸಿ ಹೊಲಸ ಕೆಲಸ ಮಾಡಿಲ್ಲ. ಆಕಿಗೆ ಜಡ್ಡಾಗೇತಿ, ದೊಡ್ಡ ಜಡ್ಡು."

ಸಾಯುವ ಕಾಯಿಲೆ ಎಂದು ತಿಳಿದ ಕ್ಷಣ ನನಗೆ ಬಂದದ್ದು ಸಮಾಧಾನ. ಮಾನ ಉಳಿಯಿತಲ್ಲ ಎಂದು. ನಾವು ಹೆಂಗಸರು ಎಂಥ ಲೆಕ್ಕದಲ್ಲಿ ಬೆಳೆದವರು ನೋಡಿ. ಊರಿಗೆ ಮರಳುವಾಗ ಬಸ್ಸಿನಲ್ಲಿ ಅತ್ತೆ ಒಂದು ಮೋಸಂಬಿ ಸುಲಿದು, ಬೀಜ ತೆಗೆದು, ತೊಳೆ ತೊಳೆಯಾಗಿ ನನ್ನ ಕೈಗೆ ಕೊಟ್ಟರು. ತಪ್ಪಾಯಿತು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನಾನು ಹಣ್ಣು ತಿಂದೆ.

ಈ ಬೇನೆಗೆ ಹೊಸದೊಂದು ಔಷಧ ಬಂದಿದೆ, ಮುಂಬಯಿಯಲ್ಲಿ ಕೊಡುತ್ತಾರೆ ಎಂದು ಡಾಕ್ಟರಬಾಯಿ ಪತ್ರ ಬರೆದು ಕಳಿಸಿದರು. ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೂ ಹೆಚ್ಚು ಇದ್ದೆ. ಐದು ದಿನ ಔಷಧ, ಆಮೇಲೆ ಬಿಡುವು, ಮತ್ತೆ ಐದು ದಿನ. ಬಾಯಿಯೆಲ್ಲ ಹುಣ್ಣಾಗಿ ಎಂಜಲು ನುಂಗಲೂ ಆಗುತ್ತಿರಲಿಲ್ಲ. ಮರಾಠಿಯ ಆಯಾ ಒಬ್ಬಳು ನನ್ನ ಮಾತು ತಿಳಿಯದಿದ್ದರೂ ತಣ್ಣನೆಯ ಹಾಲಿನಲ್ಲಿ ಅರಿವೆಯ ಚುಂಗು ಅದ್ದಿ ಹನಿ ಹನಿಯಾಗಿ ತುಟಿಗೆ ಹಿಂಡುತ್ತಿದ್ದಳು. ಅವಳ ಹೆಸರು ಕೇಳಲೇ ಇಲ್ಲ ಎಂಬುದು ನೆನಪಾದರೆ ಮನಸ್ಸು ಕುಟುಕುತ್ತದೆ. ಎರಡನೆಯ ಸರದಿಗೆ ಕೂದಲು ಹಿಡಿ ಹಿಡಿಯಾಗಿ ದಿಂಬಿಗೆ ಅಂಟಿಕೊಂಡು ಬಂತು. ಜೊತೆಗೆ ಬಂದಿದ್ದ ನಮ್ಮ ಮನೆಯವರು ಅದನ್ನೆಲ್ಲ ಆರಿಸಿ ಕಾಗದದಲ್ಲಿ ಸುತ್ತಿ ಕಿಸೆಯಲ್ಲಿಟ್ಟುಕೊಂಡರು. ಯಾಕೆಂದು ಕೇಳಿದ್ದಕ್ಕೆ, "ಕಸಬರಗಿಲೆ ಗುಡಸಿದ್ರ ನಿನಗ ಬ್ಯಾಸರಾಗತದಲ್ಲ," ಎಂದರು. ವರಾಂಡದಲ್ಲಿ ಅವರು ಆಡದೆ ಉಳಿದ ಮಾತನ್ನು ನಾನು ಅಲ್ಲಿಗೆ ಬಿಟ್ಟುಬಿಟ್ಟೆ.

ಕೆಮ್ಮು ನಿಂತಿತು. ಎದೆಯ ಫೋಟೋದಲ್ಲಿದ್ದ ಕಲೆಗಳು ಅಳಿದವು. ಕಳಿಸಿಕೊಡುವಾಗ ಎರಡು ಕಟ್ಟಪ್ಪಣೆ ಮಾಡಿದರು. ಪ್ರತಿ ತಿಂಗಳು ಮೂತ್ರ ಪರೀಕ್ಷೆ ಆಗಲೇಬೇಕು. ಎರಡು ವರ್ಷ ಬಸಿರಾಗಲೇಬಾರದು. ಯಾಕೆಂದರೆ ಬಸಿರಾದರೆ ಪರೀಕ್ಷೆ ಕುರುಡಾಗುತ್ತದೆ, ಬೇನೆ ಮರಳಿದರೂ ತಿಳಿಯುವುದಿಲ್ಲ.

ಬೋಳು ತಲೆಗೆ ಸೆರಗು ಹೊದ್ದು ಹಾನಗಲ್ಲಿಗೆ ಬಂದೆ. ಹಣೆಯಲ್ಲಿ ಕುಂಕುಮ, ತಲೆಯಲ್ಲಿ ಕೂದಲಿಲ್ಲ. ಕುಂಕುಮ ಹಚ್ಚಲು ಬಂದ ಹೆಂಗಸರ ಬೆರಳು ಒಂದು ಗಳಿಗೆ ತಡೆಯುತ್ತಿತ್ತು. ನೀಲಕ್ಕ ಮಾತ್ರ ದಿನಾ ಎಣ್ಣೆ ಹಚ್ಚಿ, "ಗುಬ್ಬಿ ಮರಿಗೆ ಪುಕ್ಕ ಬರಾಕತ್ತಾವ ನೋಡು," ಎಂದು ನಗಿಸುತ್ತಿದ್ದಳು.

ಪ್ರತಿ ತಿಂಗಳು ಬೆಳಗಿನ ಮೊದಲ ಮೂತ್ರವನ್ನು ಬಾಟಲಿಯಲ್ಲಿ ತುಂಬಿ, ಬಿರಡೆ ಹಾಕಿ, ಪಂಚೆಯ ತುಂಡಿನಲ್ಲಿ ಸುತ್ತಿ, ಕೈಚೀಲದಲ್ಲಿಟ್ಟು ಹುಬ್ಬಳ್ಳಿಯ ಬಸ್ಸು ಹತ್ತುತ್ತಿದ್ದೆ. ಚೆಲ್ಲಬಾರದೆಂದು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಳ್ಳಬೇಕು. ಒಮ್ಮೆ ಶಿಗ್ಗಾವಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು, ನಾನು ಅಷ್ಟು ಜೋಪಾನ ಮಾಡುವುದನ್ನು ನೋಡಿ, "ಹುಲಗೂರ ದರ್ಗಾದ ನೀರೇನವ್ವಾ? ಒಂದ ಹನಿ ಕೊಡ ಯವ್ವಾ, ಮೊಮ್ಮಗಳ ಕಣ್ಣಿಗೆ ಹಚ್ಚತೇನಿ," ಎಂದು ಅಂಗೈ ಒಡ್ಡಿದಳು. ಭೂಮಿ ಬಾಯಿ ತೆರೆದಿದ್ದರೆ ಇಳಿದುಹೋಗುತ್ತಿದ್ದೆ. "ಹರಳೆಣ್ಣಿ ಐತ್ರಿ ಆಯಿ," ಎಂದೆ. ಅವಳು ನಂಬಲಿಲ್ಲ. ಪುಣ್ಯದ ನೀರನ್ನು ಬಚ್ಚಿಡುವ ಜಿಪುಣಿ ಎಂಬಂತೆ ದಾರಿಯುದ್ದಕ್ಕೂ ನನ್ನ ಕಡೆ ಬೆನ್ನು ಮಾಡಿ ಕೂತಳು.

ಹತ್ತು ತಿಂಗಳು ಹೀಗೆ ನಡೆಯಿತು. ಪರೀಕ್ಷೆಯಲ್ಲಿ ಏನೂ ಇಲ್ಲ, ಏನೂ ಇಲ್ಲ. ನಮ್ಮ ಮನೆಯವರು ಗಿರಣಿಯ ಮೂಲೆಯಲ್ಲಿ ಚೀಲ ಹಾಸಿಕೊಂಡು ಮಲಗುವುದೂ ನಡೆಯಿತು.

ಹನ್ನೊಂದನೆಯ ತಿಂಗಳು ಎದುರು ಮನೆಯ ಸೊಸೆಗೆ ಕುಬಸ. ಕರೆದಿದ್ದರು, ಹೋದೆ. ಉಡಿ ತುಂಬುವ ಸರದಿ ನನಗೆ ಬಂದಾಗ ಆ ಮನೆಯ ಹಿರಿಯಳು ಮೆಲ್ಲಗೆ ನನ್ನ ಕೈಯಿಂದ ಕೊಬ್ಬರಿ ಬಟ್ಟಲು ತೆಗೆದುಕೊಂಡು, "ನೀ ಕುಂದ್ರವಾ, ನಿಂತು ದಣದಿ," ಎಂದಳು. ಬಲು ಮೆತ್ತಗೆ ಹೇಳಿದಳು. ನೀಲಕ್ಕ ಅಂಥ ಕಡೆ ಯಾವಾಗಲೂ ಬಾಗಿಲಾಚೆಯೇ ಕೂರುತ್ತಿದ್ದಳು. ನಾನು ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತೆ. ಆ ವಾರ ನಮ್ಮ ಮನೆಯವರನ್ನು ಗಿರಣಿಯಿಂದ ಮನೆಗೆ ಕರೆದವಳು ನಾನೇ. ಅವರು ಬೇಡವೆಂದರು. ನಾನು ಕಣ್ಣೀರು ಹಾಕಿದೆ. ಬೇರೆ ಯಾರ ಮೇಲೂ ತಪ್ಪು ಹಾಕುವಂತಿಲ್ಲ.

ಮುಟ್ಟು ನಿಂತಿತು. ಕೂಸೋ, ಬೇನೆಯೋ? ಡಾಕ್ಟರಬಾಯಿಗೆ ತೋರಿಸಿದರೆ ಹೊಟ್ಟೆಯಲ್ಲಿರುವುದನ್ನು ತೆಗೆದು ಮತ್ತೆ ಆ ಔಷಧ ಕೊಡುತ್ತಾರೆ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಬಾಟಲಿ ಕೊಡದಿದ್ದರೆ ಹೇಳಿಕಳಿಸುತ್ತಾರೆ. ಆಗ ಹೊಳೆದದ್ದು ಈ ಉಪಾಯ. ಹಿತ್ತಿಲಲ್ಲಿ ನೀಲಕ್ಕ ಪಾತ್ರೆ ತಿಕ್ಕುತ್ತಿದ್ದಾಗ ಅವಳ ಮುಂದೆ ಖಾಲಿ ಬಾಟಲಿ ಇಟ್ಟೆ.

"ಇದೇನಿದು?"

"ನಿನ್ನದು ಕೊಡು ನೀಲಕ್ಕ. ನನ್ನದಂತ ಹೇಳತೇನಿ."

ಅವಳು ತಿಕ್ಕುತ್ತಿದ್ದ ಪಾತ್ರೆ ಕೆಳಗಿಟ್ಟಳು. "ಹುಚ್ಚ ಹಿಡದೈತೇನ ನಿನಗ? ಒಳಗ ಜಡ್ಡ ಇದ್ರ?"

"ಕೂಸಿದ್ರ?"

"ನೀ ಸತ್ತ ಮ್ಯಾಲ ನನ್ನ ತಮ್ಮಗ ನಾ ಏನ ಹೇಳ್ಲಿ?"

ನಾನು ಅವಳ ಬೂದಿ ಮೆತ್ತಿದ ಕೈ ಹಿಡಿದುಕೊಂಡೆ. ಕೂಸಿನ ಆಸೆ ಏನೆಂದು ನಿನಗೆ ಗೊತ್ತಿಲ್ಲವೇ ಎಂದುಬಿಟ್ಟೆ. ಮಕ್ಕಳಿಲ್ಲದವಳಿಗೆ ಆಡಬಾರದ ಮಾತದು, ಬೇಕೆಂದೇ ಆಡಿದೆ. ಅವಳು ಕೈ ತೊಳೆದು, ಬಾಟಲಿ ಎತ್ತಿಕೊಂಡು ಒಳಗೆ ಹೋದಳು.

ಮೊದಲ ಬಾಟಲಿಗೆ ಡಾಕ್ಟರಬಾಯಿ ದಪ್ಪ ಪುಸ್ತಕ ತೆರೆದು, ನನ್ನ ಹೆಸರಿನ ಮುಂದೆ ಬರೆದುಕೊಂಡು, "ಶಾಣ್ಯಾಕಿ, ಹಿಂಗ ನಡೀಲಿ," ಎಂದು ಬೆನ್ನು ತಟ್ಟಿದರು. ಎರಡನೆಯದಕ್ಕೂ ಹಾಗೆಯೇ. ಮೂರನೆಯ ಸಲ ಬಂದ ಉತ್ತರವನ್ನು ನಾನು ಮನೆಗೆ ಬಂದು ಹೇಳಿದಾಗ ನೀಲಕ್ಕ ನಕ್ಕು, "ನನ್ನ ಮೈಯಾಗ ಏನೂ ಇಲ್ಲ ಅಂತ ಮೂರ ಸಲ ಬರದ ಕೊಟ್ರಲ್ಲ, ಮುಗೀತು ಬಿಡು," ಎಂದಳು. ಅವಳ ಆ ನಗೆ ನನಗೆ ಇಂದಿಗೂ ನೆನಪಿದೆ.

ಇತ್ತ ನಾನು ದಿನಕ್ಕೆ ಹತ್ತು ಸಲ ಬೇಕೆಂದೇ ಕೆಮ್ಮಿ, ಸೆರಗಿಗೆ ಉಗುಳಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದೆ. ಹೊಟ್ಟೆಯನ್ನು ಬೆರಳಿನಿಂದ ಅಳೆಯುತ್ತಿದ್ದೆ. ಬೇಗ ಬೆಳೆದರೆ ಬೇನೆ, ನಿಧಾನವಾಗಿ ಬೆಳೆದರೆ ಕೂಸು. ಒಮ್ಮೊಮ್ಮೆ ಒಳಗೆ ಏನೋ ಮಿಸುಕಿದಂತಾಗುತ್ತಿತ್ತು. ಹಿಗ್ಗಬೇಕೆನ್ನುವಷ್ಟರಲ್ಲಿ ವಾಯು ಇರಬಹುದು ಎನ್ನಿಸುತ್ತಿತ್ತು. ಸೀರೆ ಸಡಿಲ ಮಾಡಿ ಉಟ್ಟೆ. ಅತ್ತೆ ಕಂಡೂ ಕಾಣದಂತಿದ್ದರು. ಈ ಸಲ ಅವರು ಯಾರಿಗೂ ಬೆರಳು ತೋರಿಸಲಿಲ್ಲ.

ನಾಲ್ಕನೆಯ ಸಲ ಬಾಟಲಿ ಹಿಡಿದು ಹೋದಾಗ ಡಾಕ್ಟರಬಾಯಿಯ ಕೋಣೆಯಲ್ಲಿ ಸ್ಟೂಲಿನ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಇಪ್ಪತ್ತು ತುಂಬಿರಲಿಕ್ಕಿಲ್ಲ. ತಲೆಗೆ ಬಿಗಿಯಾಗಿ ಅರಿವೆ ಸುತ್ತಿದ್ದಳು, ತುಟಿ ಒಡೆದಿತ್ತು. ನೋಡಿದ ಕೂಡಲೇ ತಿಳಿಯಿತು.

"ಈಕಿ ರುದ್ರವ್ವ, ಹಿರೇಕೆರೂರಕಿ," ಎಂದರು ಡಾಕ್ಟರಬಾಯಿ. "ನಿನ್ನ ಜಡ್ಡ ಈಕಿಗೂ. ಮೊನ್ನೆ ಮುಂಬಯಿಂದ ಬಂದಾಳ, ದಿನಾ ಅಳತಾಳ. ನಿನ್ನ ಪುಸ್ತಕ ತೋರಿಸಿ ಹೇಳಾಕತ್ತೇನಿ. ವರ್ಷ ದಾಟೇತಿ, ಈಕಿಗೆ ಏನೂ ಇಲ್ಲ, ನಿನಗೂ ಹಂಗ ಆಗತೈತಿ ಅಂತ."

ರುದ್ರವ್ವ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಖರೇನ ನಿಮಗ ಏನೂ ಇಲ್ಲೇನ್ರಿ?"

ಆ ಕೈ ಬಿಸಿಯಾಗಿತ್ತು. ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು.

"ಆ ಬಾಟ್ಲಿ ನನ್ನವಲ್ರಿ. ನಮ್ಮ ನಾದಿನಿವು. ನಾ ಬಸಿರ ಅದೇನಿ. ಇಲ್ಲಾ ಜಡ್ಡ ಐತಿ. ನನಗ ಗೊತ್ತಿಲ್ರಿ."

ಡಾಕ್ಟರಬಾಯಿ ಲೆಕ್ಕಣಿಕೆ ತೆಗೆದುಕೊಂಡು ಆ ಮೂರು ಸಾಲುಗಳ ಮೇಲೆ ಒಂದೊಂದಾಗಿ ಗೆರೆ ಎಳೆದರು. ಮೂರನೆಯದಕ್ಕೆ ಕಾಗದ ಹರಿಯಿತು. ಆಮೇಲೆ ರುದ್ರವ್ವನನ್ನು ಬಾಗಿಲಾಚೆ ಕಳಿಸಿ, "ಮ್ಯಾಲೆ ಮಕ್ಕೊ," ಎಂದರು. ಕಟ್ಟಿಗೆಯ ಸಣ್ಣ ಕೊಳವೆಯನ್ನು ಹೊಟ್ಟೆಗೆ ಒತ್ತಿ ಕಿವಿ ಇಟ್ಟರು. ಅಲ್ಲಿ ಇಟ್ಟರು, ಇಲ್ಲಿ ಇಟ್ಟರು. ನಾನು ಮಾಡಿನ ಹಂಚು ನೋಡುತ್ತಿದ್ದೆ.

"ಕೂಸ ಐತಿ," ಎಂದರು. "ಎದಿ ಬಡಿಯಾಕತ್ತೈತಿ."

ನಾನು ಗಟ್ಟಿಯಾಗಿ ಅಳತೊಡಗಿದೆ. ಅವರು ನನ್ನ ಅಳು ಮುಗಿಯುವವರೆಗೆ ಕಾದು ಕೇಳಿದರು. "ನಾ ನಿನ್ನ ಕೂಸ ತಗೀತೇನಿ ಅಂತ ಯಾರ ಹೇಳಿದ್ರು ನಿನಗ?"

ಯಾರೂ ಹೇಳಿರಲಿಲ್ಲ. ನಾನು ಕೇಳಿಯೇ ಇರಲಿಲ್ಲ.

"ಕೇಳಿದ್ರ ಇಬ್ಬರೂ ಕೂಡಿ ಕಾಯತಿದ್ವಿ. ಮೂರ ತಿಂಗಳ ಒಬ್ಬಾಕಿನ ಸಾವಿನ ಕೂಡ ಆಟ ಆಡಿದಿ. ನಿಂದು ದೈವ ಅಷ್ಟ. ಹೊರಗ ಹೋಗಿ ಆ ಹುಡುಗಿಗೆ ಅದನ್ನ ಬಿಡಿಸಿ ಹೇಳು, ನಾ ಹೇಳಿದ್ರ ಹೆದರಸ್ತಾರ ಅಂತಾಳ."

ಹೊಟ್ಟೆಗೆ ಸೀಸದ ಹೊದಿಕೆ ಹಾಕಿ ಎದೆಯ ಫೋಟೋ ತೆಗೆದರು. ಎದೆ ಚೊಕ್ಕಟವಾಗಿತ್ತು. ಹೊರಗೆ ಬಂದರೆ ರುದ್ರವ್ವ ವರಾಂಡದಲ್ಲಿ ಕಾಯುತ್ತಿದ್ದಳು. ಒಳಗೆ ಕೂಸಿದೆ ಎಂದದ್ದು ಕೇಳಿಸಿ ಅವಳ ಮುಖ ಅರಳಿತ್ತು. "ಎಂಥಾ ಧೈರ್ಯ ಅಕ್ಕಾ ನಿಮ್ದು!" ಎಂದಳು. ಅದು ಧೈರ್ಯವಲ್ಲ ಎಂದು ಹೇಳಬೇಕಿತ್ತು. ನನಗೆ ಆ ಹೊತ್ತಿಗೆ ಒಬ್ಬರಾದರೂ ಹೊಗಳುವವರು ಬೇಕಾಗಿದ್ದರು. "ಎಲ್ಲಾ ದೇವರ ದಯಾ ತಂಗಿ," ಎಂದು ಬಸ್ಸಿಗೆ ತಡವಾಯಿತೆಂದು ಹೊರಟುಬಂದೆ.

ಮಗಳು ಹುಟ್ಟಿದಳು. ಕೈಕಾಲು, ಕಣ್ಣು ಮೂಗು ಎಲ್ಲ ನೆಟ್ಟಗಿದ್ದವು. ತಲೆಯ ತುಂಬ ಕೂದಲು. ಹೆರಿಗೆಯ ಮೇಲೆ ನನ್ನದೇ ಮೂತ್ರದ ಪರೀಕ್ಷೆಗಳು ಮತ್ತೆ ಶುರುವಾದವು, ಎಲ್ಲವೂ ಒಳ್ಳೆಯದಾಗಿಯೇ ಬಂದವು. ತೊಟ್ಟಿಲಿಗೆ ಹಾಕುವ ದಿನ ಕೂಸನ್ನು ಮೊದಲು ನೀಲಕ್ಕನ ಮಡಿಲಿಗೆ ಕೊಟ್ಟೆ. ಬಂದ ಹೆಂಗಸರು ಮುಖ ಮುಖ ನೋಡಿಕೊಂಡರು. ಅತ್ತೆ, "ಆಕಿ ಕೈಯಾಗ ಇರ್ಲಿ," ಎಂದುಬಿಟ್ಟರು.

ಈ ಬೇನೆಯಾದ ಮೇಲೂ ಮಕ್ಕಳಾಗುತ್ತವೆ. ಆ ಔಷಧ ನುಂಗಿದ ಹೊಟ್ಟೆಯಲ್ಲಿಯೂ ಆಗುತ್ತವೆ. ಇದನ್ನು ಓದುವ ಯಾವಳಿಗಾದರೂ ಆ ಹೆದರಿಕೆ ಇದ್ದರೆ ನನ್ನ ಮಾತು ನಂಬಲಿ. ಆದರೆ ನನ್ನ ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ನೆಂಟರ ಮುಂದೆ ನಾನು ನಿಲ್ಲಿಸುತ್ತಿದ್ದದ್ದು ಇಲ್ಲಿಗೆ.

ಕೂಸಿಗೆ ಎಂಟು ತಿಂಗಳಾದಾಗ ರುದ್ರವ್ವ ವಿಳಾಸ ಹುಡುಕಿಕೊಂಡು ಹಾನಗಲ್ಲಿಗೆ ಬಂದಳು. ಕೂದಲು ಬೆಳೆದು ಸಣ್ಣ ತುರುಬಾಗಿತ್ತು. ಕೂಸನ್ನು ಎತ್ತಿಕೊಂಡು, ಅದರ ಕೆನ್ನೆಗೆ ಕೆನ್ನೆ ಹಚ್ಚಿ, ನನ್ನ ಕಿವಿಯಲ್ಲಿ ಹೇಳಿದಳು. "ಅಕ್ಕಾ, ನಂದೂ ನಿಂತೈತ್ರಿ. ಅಕ್ಕನ ಮಗಳದು ಎರಡ ಬಾಟ್ಲಿ ಕೊಟ್ಟೇನಿ. ನಿಮ್ಮನ್ನ ನೆನಸ್ಕೊಂಡ ಕೊಟ್ಟೇನ್ರಿ."

ನಾನು ಅವಳ ತೋಳಿನಿಂದ ಕೂಸನ್ನು ಕಸಿದುಕೊಂಡೆ. ಅವಳು ಬೆದರಿ ನೋಡಿದಳು. ಅಂದೇ ನಮ್ಮ ಮನೆಯವರನ್ನು ಗಿರಣಿಯಿಂದ ಕರೆಸಿ, ಅವಳನ್ನು ಮುಂದೆ ಮಾಡಿಕೊಂಡು ಹುಬ್ಬಳ್ಳಿಗೆ ಹೋದೆವು. ಬಸ್ಸಿನಲ್ಲಿ ಅವಳು, "ಯಾಕಕ್ಕಾ, ನಾ ಏನ ತಪ್ಪ ಮಾಡೇನಿ?" ಎಂದು ಕೇಳುತ್ತಲೇ ಇದ್ದಳು.

ಅವಳ ಹೊಟ್ಟೆಯಲ್ಲಿ ಕೂಸಿರಲಿಲ್ಲ. ಬೇನೆ ಮರಳಿತ್ತು, ಎರಡು ತಿಂಗಳು ಯಾರ ಕಣ್ಣಿಗೂ ಬೀಳದೆ ಬೆಳೆದಿತ್ತು. ಗರ್ಭಕೋಶವನ್ನೇ ತೆಗೆದರು, ಮೇಲೆ ಮತ್ತೆ ಔಷಧ ಕೊಟ್ಟರು. ಅವಳು ಬದುಕಿದಳು, ಇವತ್ತಿಗೂ ಹಿರೇಕೆರೂರಿನಲ್ಲಿದ್ದಾಳೆ.

ಆಪರೇಷನ್ನಾದ ನಾಲ್ಕನೆಯ ದಿನ ನಾನು ಅವಳ ಮಂಚದ ಪಕ್ಕದಲ್ಲಿ ಅವಳ ಕೈ ಹಿಡಿದು ಕೂತಿದ್ದೆ. ಅವಳು ಮಾಡು ನೋಡುತ್ತ ಮಲಗಿದ್ದಳು. "ಅಕ್ಕಾ, ನಿಮ್ದು ಕೂಸಿತ್ತು. ನಂದ್ಯಾಕ ಅಲ್ರಿ?" ಎಂದಳು. ಸಿಟ್ಟಿರಲಿಲ್ಲ, ತಿಳಿದುಕೊಳ್ಳಲು ಕೇಳಿದಳು. ಹೊರಗೆ ವರಾಂಡದಲ್ಲಿ ನಮ್ಮ ಮನೆಯವರ ತೋಳಿನಲ್ಲಿ ನನ್ನ ಮಗಳು ಹಸಿದು ಅಳತೊಡಗಿದಳು. ಎದೆ ಸೋರಿ ಕುಪ್ಪಸ ಒದ್ದೆಯಾಗುತ್ತಿತ್ತು. ಸೆರಗು ಎಳೆದುಕೊಂಡು ಮುಚ್ಚಿದೆ. ಅಳು ಜೋರಾಯಿತು. ರುದ್ರವ್ವನ ಮುಂದೆ ಎದ್ದು ಹೋಗಿ ಮಗಳಿಗೆ ಹಾಲು ಕುಡಿಸಲು ನನಗೆ ಮುಖವಿರಲಿಲ್ಲ.

ಅವಳೇ ನನ್ನ ಕೈ ಬಿಡಿಸಿದಳು. "ಹೋಗ್ರಿ ಅಕ್ಕಾ," ಎಂದಳು. "ಕೂಸ ಅಳಾಕತ್ತೈತಿ."